ಫಾತಿಮಾ ಎಂಬ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ನಾನಿಯ, ಅಂದರೆ ಅಮ್ಮಿಯ ತಾಯಿಯ, ಹೆಸರು ಫಾತಿಮಾಬಿ. ನನ್ನ ಮಗಳ ಹೆಸರೂ ಫಾತಿಮಾ. ನಡುವೆ ಇರುವ ನನ್ನನ್ನು ಈ ಹೆಸರಿನ ಬಗ್ಗೆ ಕೇಳದವರೇ ಕಡಿಮೆ. ತೊಟ್ಟಿಲಿಗೆ ಹಾಕುವ ದಿನ ಕೇಳುತ್ತಾರೆ, ಮಗಳ ಶಾಲೆಯ ಟೀಚರ್ ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಗೆಳತಿಯರು ಕಾಗದ ಬರೆದು, ಮೆಸೇಜು ಹಾಕಿ ಕೇಳುತ್ತಾರೆ. ಒಂದೇ ಪ್ರಶ್ನೆಗೆ ಹತ್ತು ಸಲ ಉತ್ತರ ಹೇಳಿದ ಮೇಲೆ ಎಲ್ಲವನ್ನೂ ಒಂದು ಕಡೆ ಬರೆದಿಡೋಣ ಅನಿಸಿತು. ಅವರು ಹೇಗೆ ಕೇಳಿದರೋ ಹಾಗೆಯೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದವು ಮೊದಲು, ಹೆಸರಿನ ಬೇರಿಗೆ ಇಳಿಯುವವು ಕೊನೆಗೆ.

## ಮೊದಲ ಪ್ರಶ್ನೆಗಳು

ಫಾತಿಮಾ ಅಂದ್ರೆ ಏನರ್ಥ?

ಮಗುವಿಗೆ ಎದೆಹಾಲು ಬಿಡಿಸುವವಳು ಎಂದರ್ಥ. ಅರಬಿಯಲ್ಲಿ 'ಫತಮ' ಎಂದರೆ ಹಾಲು ಬಿಡಿಸಿದ, 'ಫಿತಾಮ್' ಎಂದರೆ ಹಾಲು ಬಿಡಿಸುವ ಕೆಲಸ. ನಮ್ಮ ಕಡೆ ಮೊಲೆ ಬಿಡಿಸೋದು ಅನ್ನುತ್ತೇವಲ್ಲ, ಅದೇ.

ನನ್ನ ತಮ್ಮನಿಗೆ ಹಾಲು ಬಿಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನಿ ಹಿತ್ತಲಿನ ಬೇವಿನ ಎಲೆ ಕಿತ್ತು ತಂದು, ಒರಳಲ್ಲಿ ನುಣ್ಣಗೆ ಅರೆದು ಅಮ್ಮಿಯ ಕೈಗೆ ಕೊಟ್ಟರು. ತಮ್ಮ ಬಾಯಿ ಹಾಕಿದವನೇ ಮುಖ ಕಿವುಚಿ, ಕಹಿ ಉಗುಳಿ, ಊರೆಲ್ಲ ಕೇಳುವ ಹಾಗೆ ಅತ್ತ. ಅಮ್ಮಿ ಒಳಕೋಣೆಗೆ ಹೋಗಿ ಅವಳೂ ಅತ್ತಳು. ನಾನಿ ಮಾತ್ರ ಅವನನ್ನು ಸೊಂಟಕ್ಕೇರಿಸಿಕೊಂಡು ಕೋಳಿ ತೋರಿಸುತ್ತಾ, ಬೆಲ್ಲದ ಗಂಜಿ ತಿನ್ನಿಸುತ್ತಾ ಮೂರು ದಿನ ಅಂಗಳ ಸುತ್ತಿದರು. ನಾನಿಯ ಹೆಸರಿಗೆ ಇದೇ ಅರ್ಥ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಕಳೆದ ಮೇಲೆ, ಅರಬಿ ಕಲಿಸುವ ಉಸ್ತಾದರೊಬ್ಬರಿಂದ. ಆವತ್ತಿನಿಂದ ಈ ಹೆಸರು ಕೇಳಿದರೆ ನನಗೆ ಬೇವಿನ ವಾಸನೆಯೇ ಬರುತ್ತದೆ.

ಈಗಷ್ಟೇ ಹುಟ್ಟಿದ ಮಗುವಿಗೆ 'ಹಾಲು ಬಿಡಿಸುವವಳು' ಅಂತ ಯಾರಾದ್ರೂ ಹೆಸರಿಡ್ತಾರಾ? ವಿಚಿತ್ರ ಅಲ್ವಾ?

ಆ ಕಾಲದ ತಾಯಂದಿರ ಕಡೆಯಿಂದ ನೋಡಿದರೆ ವಿಚಿತ್ರ ಅನಿಸುವುದಿಲ್ಲ. ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಮಕ್ಕಳು ಎದೆಹಾಲು ಕುಡಿಯುವ ವಯಸ್ಸಿನಲ್ಲೇ ಹೋಗಿಬಿಡುತ್ತಿದ್ದವು. ಹಾಲು ಬಿಡಿಸುವ ದಿನ ಬಂತೆಂದರೆ ಮಗು ದೊಡ್ಡ ಗಂಡಾಂತರ ದಾಟಿತು ಎಂದೇ ಲೆಕ್ಕ. ಹೆಣ್ಣುಮಗುವಿಗೆ ಫಾತಿಮಾ ಎಂದು ಹೆಸರಿಟ್ಟರೆ ಅದರೊಳಗೆ ಒಂದು ಹಾರೈಕೆ ಇದೆ. ಇವಳು ಬದುಕಲಿ, ಬೆಳೆಯಲಿ, ತಾಯಾಗಲಿ, ಇವಳ ಮಗು ಹಾಲು ಬಿಡಿಸುವಷ್ಟು ದೊಡ್ಡದಾಗಲಿ. ಒಂದೇ ಹೆಸರಿನಲ್ಲಿ ಎರಡು ತಲೆಮಾರಿನ ಆಯುಷ್ಯ ಬೇಡಿದ ಹಾಗೆ.

ನಮ್ಮಲ್ಲೂ ಇಂಥ ಹೆಸರುಗಳಿವೆ. ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪಮ್ಮ ಅಂತ ಕರೆದರು. ದಾರಿ ಬೇರೆ, ಭಯ ಒಂದೇ.

ನಾನು 'ಪವಿತ್ರಳು', 'ಹೊಳೆಯುವವಳು' ಅಂತ ಓದಿದ್ದೆ. ಅದು ತಪ್ಪಾ?

ಅವು ಬಿರುದುಗಳ ಅರ್ಥ. ಪ್ರವಾದಿಯವರ ಮಗಳು ಬೀಬಿ ಫಾತಿಮಾರಿಗೆ ಹಲವು ಬಿರುದುಗಳಿವೆ. ಜಹರಾ ಎಂದರೆ ಹೊಳೆಯುವವಳು, ತಾಹಿರಾ ಎಂದರೆ ಶುದ್ಧಳು. ಬತೂಲ್ ಎಂದರೆ ಲೋಕದ ಗೊಡವೆ ಕಡಿದುಕೊಂಡು ದೇವರ ಕಡೆ ತಿರುಗಿದವಳು. ಜನ ಹೆಸರನ್ನೂ ಬಿರುದನ್ನೂ ಸೇರಿಸಿ ಹೇಳಿ ಹೇಳಿ, ಬಿರುದಿನ ಅರ್ಥವೇ ಹೆಸರಿಗೆ ಅಂಟಿಕೊಂಡಿತು. ಮಕ್ಕಳ ಹೆಸರಿನ ಪಟ್ಟಿಗಳಲ್ಲಿ ಜಾಸ್ತಿ ಕಾಣುವ ಗೊಂದಲ ಇದೇ.

ಇನ್ನೊಂದು ಮಾತು. ಜಹರಾ ಮತ್ತು ಜುಹರಾ ಬೇರೆ ಬೇರೆ. ಎರಡನೆಯದು ಶುಕ್ರಗ್ರಹದ ಹೆಸರು. ನಮ್ಮ ಜೋಹರಾಗಳು ಬಂದದ್ದು ಅಲ್ಲಿಂದ.

ಇದು ಇಸ್ಲಾಂ ಬಂದ ಮೇಲೆ ಹುಟ್ಟಿದ ಹೆಸರಾ?

ಅದಕ್ಕಿಂತ ಹಳೆಯದು. ಪ್ರವಾದಿಯವರ ತಂದೆಯ ತಾಯಿಯ ಹೆಸರೇ ಫಾತಿಮಾ, ಅಮ್ರ್ ಎಂಬುವರ ಮಗಳು. ಪ್ರವಾದಿಯವರು ಬೆಳೆದದ್ದು ದೊಡ್ಡಪ್ಪ ಅಬೂ ತಾಲಿಬರ ಮನೆಯಲ್ಲಿ. ಆ ಮನೆಯೊಡತಿ, ಮುಂದೆ ಪ್ರವಾದಿಯವರ ಅಳಿಯನಾದ ಹಜರತ್ ಅಲಿಯವರ ತಾಯಿ, ಅವರೂ ಫಾತಿಮಾ. ಮುಂದೆ ಖಲೀಫರಾದ ಹಜರತ್ ಉಮರ್ ಅವರ ತಂಗಿ ಫಾತಿಮಾ. ತಂಗಿಯ ಮನೆಯಲ್ಲಿ ಕುರಾನ್ ಓದುವುದನ್ನು ಕೇಳಿಯೇ ಉಮರ್ ಮನಸ್ಸು ಇಸ್ಲಾಂ ಕಡೆ ತಿರುಗಿತು ಎಂಬ ಕಥೆ ಎಲ್ಲರಿಗೂ ಗೊತ್ತು.

ಇನ್ನೂ ಹಿಂದೆ ಹೋದರೆ, 6ನೇ ಶತಮಾನದ ಕವಿ ಇಮ್ರುಲ್ ಕೈಸ್ ತನ್ನ ಪ್ರಸಿದ್ಧ ಪದ್ಯದಲ್ಲಿ ತಾನು ಒಲಿದ ಹೆಣ್ಣನ್ನು ಇದೇ ಹೆಸರಿನಿಂದ ಕರೆಯುತ್ತಾನೆ. ಇಷ್ಟು ಬಿಂಕ ಬೇಡ, ಸ್ವಲ್ಪ ಮೆಲ್ಲಗೆ ಎಂದು ಬೇಡಿಕೊಳ್ಳುತ್ತಾನೆ. ಅಂದರೆ ಈ ಹೆಸರು ಮನೆಮನೆಯಲ್ಲೂ ಓಡಾಡಿಕೊಂಡಿದ್ದ, ಪ್ರೇಮಪದ್ಯಕ್ಕೂ ಒದಗುತ್ತಿದ್ದ ಹೆಸರು.

ಕುರಾನಿನಲ್ಲಿ ಫಾತಿಮಾ ಹೆಸರು ಎಲ್ಲಿದೆ?

ಎಲ್ಲೂ ಇಲ್ಲ. ಕುರಾನಿನಲ್ಲಿ ಹೆಸರು ಹಿಡಿದು ಹೇಳಿರುವ ಒಬ್ಬಳೇ ಹೆಂಗಸು ಯೇಸುವಿನ ತಾಯಿ ಮರ್ಯಮ್. ಹಾಲು ಬಿಡಿಸುವ ವಿಷಯವೇನೋ ಬರುತ್ತದೆ. ಎರಡನೇ ಅಧ್ಯಾಯದಲ್ಲಿ ಎರಡು ವರ್ಷ ಹಾಲೂಡಿಸುವ ಮಾತಿದೆ. ಆದರೆ ಅಲ್ಲಿ ಬಳಸಿರುವ ಪದ 'ಫಿಸಾಲ್'.

## ಬೀಬಿ ಫಾತಿಮಾ

ಬೀಬಿ ಫಾತಿಮಾ ಯಾರು? ಚಿಕ್ಕದಾಗಿ ಹೇಳಿ.

ಪ್ರವಾದಿ ಮುಹಮ್ಮದ್ ಮತ್ತು ಬೀಬಿ ಖದೀಜಾರ ಮಗಳು. ಮಕ್ಕಾದಲ್ಲಿ ಹುಟ್ಟಿದರು. ಹುಟ್ಟಿದ ವರ್ಷದ ಬಗ್ಗೆ ಸುನ್ನಿಗಳ ಲೆಕ್ಕ ಒಂದು, ಶಿಯಾಗಳ ಲೆಕ್ಕ ಇನ್ನೊಂದು. ನಡುವೆ ಸುಮಾರು 10 ವರ್ಷದ ಅಂತರ. ಮದೀನಾಕ್ಕೆ ಹೋದ ಮೇಲೆ ಹಜರತ್ ಅಲಿಯವರ ಜೊತೆ ಮದುವೆಯಾಯಿತು. ಹಸನ್, ಹುಸೇನ್, ಜೈನಬ್, ಉಮ್ಮೆ ಕುಲ್ಸುಮ್ ಅವರ ಮಕ್ಕಳು. 632ರಲ್ಲಿ ತಂದೆ ತೀರಿಕೊಂಡ ಕೆಲವೇ ತಿಂಗಳಿಗೆ ಅವರೂ ಹೋದರು. ಸಮಾಧಿ ಮದೀನಾದಲ್ಲಿ ಇಂಥದೇ ಜಾಗದಲ್ಲಿದೆ ಎಂದು ಇವತ್ತಿಗೂ ಬೆರಳಿಟ್ಟು ತೋರಿಸಲಾಗದು.

ಪ್ರವಾದಿಯವರ ವಂಶ ಮುಂದುವರಿದದ್ದು ಈ ಮಗಳಿಂದ. ಸೈಯದರು ಎಂದು ಹೇಳಿಕೊಳ್ಳುವ ಎಲ್ಲರೂ ತಮ್ಮ ವಂಶವನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ ನಿಲ್ಲಿಸುವುದು ಇವರ ಹತ್ತಿರ. ಅವರಿಗೆ 'ಉಮ್ಮೆ ಅಬೀಹಾ' ಎಂಬ ಹೆಸರೂ ಇದೆ. ತನ್ನ ತಂದೆಗೆ ತಾನೇ ತಾಯಿ ಎಂದರ್ಥ. ತಾಯಿ ಇಲ್ಲದ ಮನೆಯಲ್ಲಿ ಅಪ್ಪನನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮಾಜ್ ಆದ್ಮೇಲೆ ಅತ್ತೆ 'ತಸ್ಬೀಹೆ ಫಾತಿಮಾ' ಓದ್ತಾರೆ. ಅದಕ್ಕೆ ಆ ಹೆಸರು ಹೇಗೆ ಬಂತು?

ಅದು ದೇವರನ್ನು ಕೊಂಡಾಡುವ ಜಪ: 33 ಸಲ ಸುಬ್ಹಾನಲ್ಲಾಹ್, 33 ಸಲ ಅಲ್‌ಹಮ್ದುಲಿಲ್ಲಾಹ್, 34 ಸಲ ಅಲ್ಲಾಹು ಅಕ್ಬರ್. ಒಟ್ಟು 100. ಇದರ ಹಿಂದೆ ಒಂದು ಬೀಸುಕಲ್ಲಿದೆ.

ಬೀಬಿ ಫಾತಿಮಾ ಮನೆಯಲ್ಲಿ ತಾವೇ ಹಿಟ್ಟು ಬೀಸುತ್ತಿದ್ದರು. ಬೀಸಿ ಬೀಸಿ ಕೈಯಲ್ಲಿ ಬೊಬ್ಬೆ ಎದ್ದಿತ್ತು. ತಂದೆಯವರ ಹತ್ತಿರ ಕೆಲಸಕ್ಕೆ ಒಬ್ಬರನ್ನು ಕೊಡಿ ಎಂದು ಕೇಳಲು ಹೋದರು. ಆ ಹೊತ್ತಿಗೆ ಪ್ರವಾದಿಯವರು ಸಿಗಲಿಲ್ಲ. ರಾತ್ರಿ ಅವರೇ ಮಗಳ ಮನೆಗೆ ಬಂದರು. ಆಳಿಗಿಂತ ಒಳ್ಳೆಯದೊಂದು ಕೊಡುತ್ತೇನೆ, ಮಲಗುವ ಮುಂಚೆ ಇಷ್ಟು ಹೇಳಿಕೋ ಎಂದು ಈ ಮೂರು ಮಾತು ಕಲಿಸಿದರು. ಹದೀಸಿನಲ್ಲಿ, ಅಂದರೆ ಪ್ರವಾದಿಯವರ ಮಾತು ನಡೆಗಳ ದಾಖಲೆಯಲ್ಲಿ, ಬರುವ ಘಟನೆ ಇದು.

ನಾನಿ ಇದನ್ನು ಹೇಳುವಾಗ ಯಾವಾಗಲೂ ಅಂಗೈ ತೆರೆದು ತೋರಿಸುತ್ತಿದ್ದರು. ಹೆಬ್ಬೆರಳಿನ ಬುಡದಲ್ಲಿ, ಬೀಸುಕಲ್ಲಿನ ಗೂಟ ಉಜ್ಜಿ ಉಜ್ಜಿ ಗಟ್ಟಿಯಾದ ಜಾಗ. ಜೋಳ ಬೀಸಿದ ಕೈ ಅದು. ವಿಜಯಪುರದ ಸೂಫಿಗಳು ದಖ್ಖನಿ ಉರ್ದುವಿನಲ್ಲಿ 'ಚಕ್ಕಿನಾಮಾ' ಎಂಬ ಪದಗಳನ್ನೇ ಬರೆದರು. ಹೆಂಗಸರು ಬೀಸುವಾಗ ಹಾಡಿಕೊಳ್ಳಲೆಂದು, ಕಲ್ಲು ತಿರುಗುವ ಲಯಕ್ಕೆ ದೇವರ ಹೆಸರು ಕೂಡಿಸಿ ಕಟ್ಟಿದ ಪದಗಳು. ಕನ್ನಡದ ಬೀಸುವ ಪದಗಳನ್ನು ಕೇಳಿದವರಿಗೆ ಆ ಲಯ ಹೊಸದಲ್ಲ. ಮದೀನಾದ ಆ ಕಲ್ಲಿಗೂ ನಮ್ಮ ಪಡಸಾಲೆಯ ಕಲ್ಲಿಗೂ ನಾನಿ ಯಾವತ್ತೂ ಬೇಧ ಮಾಡಲಿಲ್ಲ.

ನಿಕಾಹ್‌ನಲ್ಲಿ 'ಮಹರ್-ಎ-ಫಾತಿಮಿ' ಅಂದ್ರು. ಎಷ್ಟು ಅದು?

ಮಹರ್ ಎಂದರೆ ಗಂಡು ಹೆಣ್ಣಿಗೆ ಕೊಡಬೇಕಾದದ್ದು, ಅವಳ ಸ್ವಂತ ಹಕ್ಕಿನ ಹಣ. ಬೀಬಿ ಫಾತಿಮಾರ ಮದುವೆಯಲ್ಲಿ ಕೊಟ್ಟಷ್ಟೇ ನಾವೂ ಕೊಡೋಣ ಎಂದು ನಿಗದಿ ಮಾಡಿದರೆ ಅದು ಮಹರ್-ಎ-ಫಾತಿಮಿ. ರೂಢಿಯ ಲೆಕ್ಕ 500 ದಿರ್ಹಂ ಬೆಳ್ಳಿ, ಇವತ್ತಿನ ತೂಕದಲ್ಲಿ ಸುಮಾರು ಒಂದೂವರೆ ಕಿಲೋ. ಬೆಲೆ ಬೆಳ್ಳಿಯ ದಿನದ ದರದ ಮೇಲೆ ಹೋಗುತ್ತದೆ. ಕಾಗದದಲ್ಲಿ ಸುಮ್ನೆ 'ಮಹರ್-ಎ-ಫಾತಿಮಿ' ಎಂದಷ್ಟೇ ಬರೆಸಬೇಡಿ. ಎಷ್ಟು ಗ್ರಾಂ ಬೆಳ್ಳಿ ಅಥವಾ ಎಷ್ಟು ರೂಪಾಯಿ ಎಂದು ಸ್ಪಷ್ಟವಾಗಿ ಬರೆಸಿ. ಮುಂದೆ ಹುಡುಗಿಗೇ ಒಳ್ಳೆಯದು.

## ಕರೆಯುವುದು, ಬರೆಯುವುದು

ಕನ್ನಡದಲ್ಲಿ ಫಾತಿಮಾನೋ, ಫಾತೀಮಾನೋ, ಪಾತಿಮಾನೋ?

ಫಾತಿಮಾ. ಮೊದಲನೆಯದು ದೀರ್ಘ, ನಡುವಿನ 'ತಿ' ಹ್ರಸ್ವ. ಫಾತೀಮಾ ಎಂದು ಎಳೆದರೆ ಅರಬಿ ಕಿವಿಗೆ ತಪ್ಪಾಗಿ ಕೇಳುತ್ತದೆ. ಕೊನೆಯ ಅಕ್ಷರ ಅರಬಿಯಲ್ಲಿ ನಿಜವಾಗಿ ಗಿಡ್ಡ, ಅದಕ್ಕೆ 'ಫಾತಿಮ' ಎಂದು ಬರೆದರೂ ತಪ್ಪಿಲ್ಲ. ಆದರೆ ಕನ್ನಡದಲ್ಲಿ ಹೆಣ್ಣಿನ ಹೆಸರಿಗೆ 'ಮಾ' ಎಂದು ದೀರ್ಘ ಕೊಡುವ ರೂಢಿ ಬೇರೂರಿದೆ, ಓದಲೂ ಹಿತ.

ನಡುವಿನ ಅಕ್ಷರ ನಮ್ಮ 'ತ' ಅಲ್ಲ. ನಾಲಿಗೆ ಸ್ವಲ್ಪ ದಪ್ಪ ಮಾಡಿ, ಗಂಟಲು ತುಂಬಿ ಹೇಳುವ 'ತ'. ಕನ್ನಡದಲ್ಲಿ ಅದಕ್ಕೆ ಅಕ್ಷರ ಇಲ್ಲ, ಬೇಕಾಗಿಯೂ ಇಲ್ಲ. ಇನ್ನು 'ಪಾತಿಮಾ' ಎನ್ನುವುದು ನಮ್ಮ ಹಳ್ಳಿಗಳ ಬಾಯಿ. ಮಾತಿನಲ್ಲಿ ಇರಲಿ, ದಾಖಲೆಯಲ್ಲಿ ಬೇಡ.

ಇಂಗ್ಲಿಷಿನಲ್ಲಿ ಬರೆಯುವಾಗ ಟಿ ಒಂದೇ ಸಾಕಾ, ಜೊತೆಗೆ ಹೆಚ್ ಬೇಕಾ?

ಎರಡೂ ಸರಿ. ಹೆಚ್ ಸೇರಿಸುವುದು ದಕ್ಷಿಣದವರ ಅಭ್ಯಾಸ. ಕರ್ನಾಟಕ, ಕೇರಳ, ತಮಿಳುನಾಡು, ಶ್ರೀಲಂಕಾದಲ್ಲಿ ಬರೀ ಟಿ ಬರೆದರೆ ಜನ 'ಟ' ಎಂದು ಓದುತ್ತಾರೆ. ಗೀತಾ, ಲತಾ ಬರೆಯುವಾಗಲೂ ನಾವು ಹೆಚ್ ಹಾಕುವುದಿಲ್ವಾ, ಹಾಗೆ. ಉತ್ತರದವರು, ಅರಬರು ಹೆಚ್ ಇಲ್ಲದೆ ಬರೆಯುತ್ತಾರೆ.

ಮುಖ್ಯವಾದದ್ದು ಒಂದೇ: ಜನನ ಪತ್ರದಲ್ಲಿ ಹೇಗಿದೆಯೋ ಎಲ್ಲ ಕಡೆ ಹಾಗೇ ಇರಲಿ. ನಮ್ಮ ನಾನಿಯ ಹೆಸರು ರೇಷನ್ ಕಾರ್ಡಿನಲ್ಲಿ ಒಂದು ಥರ, ವೋಟರ್ ಕಾರ್ಡಿನಲ್ಲಿ ಇನ್ನೊಂದು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮತ್ತೊಂದು. ನಾನಾ ತೀರಿಕೊಂಡ ಮೇಲೆ ವಿಧವಾ ಪಿಂಚಣಿಗೆ ಹೋದಾಗ ಇವರು ಮೂರು ಜನವಾ ಎಂದು ಕೇಳಿದರು. ಎಂಬತ್ತು ದಾಟಿದ ಜೀವ, ಬಿಸಿಲಲ್ಲಿ ಮೂರು ಸಲ ಓಡಾಡಿತು. ಕೊನೆಗೆ ನೋಟರಿ ಹತ್ತಿರ ಹೋಗಿ, ಈ ಹೆಸರಿನವರೆಲ್ಲ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿದೆವು. ನಿಮ್ಮ ಮನೆಯ ಹಿರಿಯರ ಕಾಗದಗಳನ್ನು ಇವತ್ತೇ ತೆಗೆದು ಪಕ್ಕಪಕ್ಕ ಇಟ್ಟು ನೋಡಿ.

ನಮ್ಮೂರಲ್ಲಿ 'ಪಾತುಮ್ಮ' ಅಂತಾರೆ. ಇದು ಹೆಸರು ಕೆಡಿಸಿದ ಹಾಗಲ್ವಾ?

ಖಂಡಿತ ಅಲ್ಲ. ಕರಾವಳಿಯ ಬ್ಯಾರಿಗಳಲ್ಲಿ, ಕೇರಳದ ಮಾಪಿಳ್ಳೆಗಳಲ್ಲಿ ಪಾತುಮ್ಮ ಎಷ್ಟೋ ತಲೆಮಾರಿನ ಪ್ರೀತಿಯ ಹೆಸರು. ಫಾತಿಮಾ ಜೊತೆ ಉಮ್ಮ ಸೇರಿ ಹೀಗಾಯಿತು. ಹೆಸರು ಯಾವ ಬಾಯಿಗೆ ಹೋಗುತ್ತದೋ ಆ ಬಾಯಿಯ ಆಕಾರ ತಗೊಳ್ಳುತ್ತದೆ. ತುರ್ಕಿಯಲ್ಲಿ ಇವಳು ಫಾತ್ಮಾ, ಇರಾನಿನಲ್ಲಿ ಫಾತೆಮೆ, ಸೊಮಾಲಿಯಾದಲ್ಲಿ ಫಾದುಮೊ, ಸ್ವಾಹಿಲಿ ಮಾತಾಡುವವರಲ್ಲಿ ಫತುಮಾ. ಮಾಲಿ, ಗಿನಿ, ಸೆನೆಗಲ್ ಕಡೆ ಫತುಮಾತಾ, ಮುದ್ದಿಗೆ ಫತು. ಮೊರಾಕೊದ ಬೆಟ್ಟದ ಅಮಾಜಿಗ್ ಜನರಲ್ಲಿ ಫದ್ಮಾ.

ಇವರಲ್ಲಿ ಯಾರೂ ಹೆಸರು ಕೆಡಿಸಿದವರಲ್ಲ. ಅಷ್ಟು ಬಳಸಿದ್ದಕ್ಕೇ ಅಂಚು ಸವೆದು ನುಣುಪಾಗಿದೆ. ಆದರೆ ಒಬ್ಬರು 'ನನ್ನನ್ನು ಫಾತಿಮಾ ಅಂತಲೇ ಕರೀರಿ' ಎಂದರೆ ಹಾಗೇ ಕರೆಯಬೇಕು. ಮನೆಯವರ ಬಾಯಲ್ಲಿ ಚಂದ ಇರುವ ಪಾತು, ಪಾತಿ ಹೊರಗಿನವರ ಬಾಯಲ್ಲಿ ಚುಚ್ಚಬಹುದು.

ಫಾತಿಮಾಬಿ, ಫಾತಿಮಾ ಬೇಗಂ, ಫಾತಿಮಾ ಬೀವಿ... ಈ ಬಾಲಗಳೆಲ್ಲ ಏನು?

ಎಲ್ಲ ಗೌರವದ ಸೇರಿಕೆ, ನಮ್ಮ ಅಮ್ಮ, ಅಕ್ಕ, ಅವ್ವ ಇದ್ದ ಹಾಗೆ. 'ಬಿ' ಎನ್ನುವುದು ಬೀಬಿಯ ಗಿಡ್ಡ ರೂಪ. ಪಾರಸಿಯಿಂದ ಬಂದದ್ದು, ಮರ್ಯಾದಸ್ಥ ಹೆಂಗಸು ಎಂದರ್ಥ. ಅದೇ ಕೇರಳ, ತಮಿಳುನಾಡಿನಲ್ಲಿ ಬೀವಿ. ಬೇಗಂ ತುರ್ಕಿ ಮೂಲದ್ದು. 1989ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದವರು ಕೇರಳದ ಪತ್ತನಂತಿಟ್ಟದ ಫಾತಿಮಾ ಬೀವಿ. 1926ರಲ್ಲಿ ಮೂಕಿ ಚಿತ್ರ ನಿರ್ದೇಶಿಸಿ ಭಾರತದ ಮೊದಲ ಮಹಿಳಾ ನಿರ್ದೇಶಕಿ ಎನಿಸಿದವರು ಫಾತಿಮಾ ಬೇಗಂ.

ಕನೀಜ್ ಫಾತಿಮಾ ಅನ್ನೋ ಹೆಸರಿನಲ್ಲಿ 'ಕನೀಜ್' ಅಂದ್ರೇನು?

ಪಾರಸಿಯಲ್ಲಿ ಕನೀಜ್ ಎಂದರೆ ಸೇವಕಿ. ಕನೀಜ್ ಫಾತಿಮಾ ಎಂದರೆ ಬೀಬಿ ಫಾತಿಮಾರ ಸೇವಕಿ. ನಮ್ಮಲ್ಲಿ ದೇವರ ಹೆಸರಿಗೆ ದಾಸ ಸೇರಿಸುತ್ತಾರಲ್ಲ, ಅದೇ ಭಾವ. ಕಲಬುರಗಿ ಉತ್ತರ ಕ್ಷೇತ್ರದಿಂದ 2018 ಮತ್ತು 2023ರಲ್ಲಿ ಗೆದ್ದ ಶಾಸಕಿಯ ಹೆಸರಿನಿಂದ ಇದು ಹಲವರಿಗೆ ಪರಿಚಯ. ನೂರ್ ಫಾತಿಮಾದಲ್ಲಿ ನೂರ್ ಎಂದರೆ ಬೆಳಕು.

## ಊರು, ಚರಿತ್ರೆ

ನಮ್ಮ ಪಕ್ಕದ ಮನೆ ಕ್ರೈಸ್ತರು. ಅವರ ಮಗಳ ಹೆಸರೂ ಫಾತಿಮಾ! ಹೇಗೆ?

ಪೋರ್ಚುಗಲ್‌ನಲ್ಲಿ ಫಾತಿಮಾ ಎಂಬ ಊರಿದೆ. ಆ ಭಾಗವನ್ನು ಶತಮಾನಗಟ್ಟಲೆ ಅರಬಿ ಮಾತಾಡುವ ಮುಸ್ಲಿಮರು ಆಳಿದ್ದರು, ಆ ಕಾಲದ ನೆನಪು ಊರಿನ ಹೆಸರಿನಲ್ಲಿ ಉಳಿದಿದೆ. ಫಾತಿಮಾ ಎಂಬ ಮುಸ್ಲಿಂ ರಾಜಕುಮಾರಿಯನ್ನು ಕ್ರೈಸ್ತ ಯೋಧನೊಬ್ಬ ಸೆರೆಹಿಡಿದು ಮದುವೆಯಾದ ಎಂಬ ದಂತಕಥೆಯೂ ಅಲ್ಲಿದೆ.

1917ರ ಮೇ 13ರಿಂದ ಅಕ್ಟೋಬರ್ 13ರವರೆಗೆ, ಕುರಿ ಕಾಯುವ ಮೂವರು ಮಕ್ಕಳು ಅಲ್ಲಿ ಮರಿಯಮ್ಮನ ದರ್ಶನವಾಯಿತು ಎಂದರು. ಲೂಸಿಯಾ, ಫ್ರಾನ್ಸಿಸ್ಕೊ, ಜಸಿಂತಾ ಆ ಮಕ್ಕಳು. ಅಂದಿನಿಂದ ಜಗತ್ತಿನ ಕಥೋಲಿಕರು 'ಫಾತಿಮಾ ಮಾತೆ' ಎಂದು ಹರಕೆ ಹೊರುತ್ತಾರೆ. ಜಸಿಂತಾ ಮತ್ತು ಫ್ರಾನ್ಸಿಸ್ಕೊರನ್ನು 2017ರಲ್ಲಿ ಸಂತರೆಂದು ಘೋಷಿಸಲಾಯಿತು. ಗೋವಾ, ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಈ ಹೆಸರು ಇರುವುದು ಹಾಗೆ. ಮಂಗಳೂರಿನ ಫಾತಿಮಾ ರಿಟ್ರೀಟ್ ಹೌಸ್ ಕೂಡ ಇದೇ ಮಾತೆಯ ಹೆಸರಿನದು. ಪ್ರವಾದಿಯ ಮಗಳ ಹೆಸರನ್ನು ಹೊತ್ತ ಊರಿಗೆ ಯೇಸುವಿನ ತಾಯಿ ಬಂದಳು ಎನ್ನುವ ಈ ಕೂಡಿಕೆ ನನಗೆ ತುಂಬಾ ಇಷ್ಟ.

ಫಾತಿಮಿ ರಾಜವಂಶ ಅಂತ ಮಗನ ಪಠ್ಯಪುಸ್ತಕದಲ್ಲಿದೆ. ಅದಕ್ಕೂ ಈ ಹೆಸರಿಗೂ ಸಂಬಂಧ ಉಂಟಾ?

ಉಂಟು. ತಾವು ಬೀಬಿ ಫಾತಿಮಾರ ಸಂತತಿ ಎಂದು ಹೇಳಿಕೊಂಡ ವಂಶ ಅದು. 909ರಲ್ಲಿ ಇಂದಿನ ಟುನೀಶಿಯಾದ ಕಡೆ ಶುರುವಾಯಿತು. 969ರಲ್ಲಿ ಈಜಿಪ್ಟ್ ಗೆದ್ದು ಕೈರೋ ನಗರ ಕಟ್ಟಿದರು. 1171ರಲ್ಲಿ ಸಲಾಹುದ್ದೀನನ ಕಾಲಕ್ಕೆ ಮುಗಿಯಿತು. ಒಬ್ಬ ಹೆಂಗಸಿನ ಹೆಸರನ್ನು ಒಂದು ಸಾಮ್ರಾಜ್ಯವೇ ಹೊತ್ತುಕೊಂಡದ್ದು ಚರಿತ್ರೆಯಲ್ಲಿ ಅಪರೂಪ. ಅವರು ಕಟ್ಟಿದ ಅಲ್-ಅಜ್ಹರ್ ಮಸೀದಿಯ ಹೆಸರೂ 'ಜಹರಾ' ಎಂಬ ಬಿರುದಿನಿಂದ ಬಂತು ಎನ್ನುವ ಮಾತಿದೆ. ವ್ಯಾಕರಣದಲ್ಲಿ ಅಜ್ಹರ್ ಗಂಡು ರೂಪ, ಜಹರಾ ಹೆಣ್ಣು ರೂಪ.

ಮೊಹರಂನಲ್ಲಿ ಹಿಡಿಯೋ ಪಂಜಾ, ಕುತ್ತಿಗೆಗೆ ಹಾಕೋ 'ಫಾತಿಮಾ ಕೈ' ಲಾಕೆಟ್, ಎರಡೂ ಒಂದೇನಾ?

ನೋಡಲು ಒಂದೇ ಥರ, ಬಂದ ದಾರಿ ಬೇರೆ.

ಲಾಕೆಟ್ಟಿನ ಕೈ ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾದ್ದು. ಅಲ್ಲಿ ಅದನ್ನು 'ಖಂಸಾ' ಎನ್ನುತ್ತಾರೆ, ಐದು ಎಂದರ್ಥ. ದೃಷ್ಟಿ ತಾಗದಿರಲಿ ಎಂದು ಬಾಗಿಲಿಗೆ, ಕುತ್ತಿಗೆಗೆ ಹಾಕುತ್ತಾರೆ. ಯಹೂದಿಗಳೂ ಬಳಸುತ್ತಾರೆ, ಅವರಲ್ಲಿ ಮಿರಿಯಮ್‌ಳ ಕೈ ಎಂಬ ಹೆಸರಿದೆ. ಆ ಚಿಹ್ನೆ ಎರಡೂ ಧರ್ಮಗಳ ಗಡಿ ದಾಟಿದ್ದು.

ನಮ್ಮ ಪಂಜಾದಲ್ಲಿ ಐದು ಬೆರಳೆಂದರೆ ಐದು ಜನ: ಪ್ರವಾದಿ, ಅಲಿ, ಫಾತಿಮಾ, ಹಸನ್, ಹುಸೇನ್. ಪಾರಸಿಯ 'ಪಂಜ್' ನಮ್ಮ ಪಂಚವೇ. ಹೈದರಾಬಾದಿನಲ್ಲಿ ಮೊಹರಂ ಹತ್ತನೇ ದಿನ ಆನೆಯ ಮೇಲೆ ಹೊರಡುವ 'ಬೀಬಿ ಕಾ ಅಲಂ' ಎಂಬ ಧ್ವಜ ಬೀಬಿ ಫಾತಿಮಾರ ಹೆಸರಿನದು. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ನೋಡಿದವರಿಗೆ ಗೊತ್ತು, ಪಂಜಾಗಳಿಗೆ ಸಕ್ಕರೆ ಓದಿಸಲು ಯಾವ ಜಾತಿಯವರು ಬರುವುದಿಲ್ಲ ಹೇಳಿ? ಉತ್ತರ ಕರ್ನಾಟಕದ ರಿವಾಯತ್ ಎಂಬ ಮೊಹರಂ ಪದಗಳಲ್ಲಿ, ಹುಸೇನರು ಹತರಾದ ಕರ್ಬಲಾದ ಕಥೆ ಅಚ್ಚ ಕನ್ನಡದಲ್ಲಿ ಹರಿಯುತ್ತದೆ. ಆ ಪದ ಕೇಳುವಾಗ ಬೀಬಿ ಫಾತಿಮಾ ನಮ್ಮೂರಿನ ಒಬ್ಬ ಅವ್ವನೇ ಆಗಿಬಿಡುತ್ತಾರೆ, ಮಗನನ್ನು ಕಳಕೊಂಡ ಅವ್ವ.

ಜಗತ್ತಿನ ಮೊದಲ ಯೂನಿವರ್ಸಿಟಿ ಕಟ್ಟಿದ್ದು ಒಬ್ಬ ಫಾತಿಮಾ ಅಂತೆ, ನಿಜಾನಾ?

ಮೊರಾಕೊದ ಫೆಜ್ ನಗರದ ಅಲ್-ಕರವಿಯ್ಯೀನ್ ಬಗ್ಗೆ ಈ ಮಾತು. 859ರಲ್ಲಿ ಫಾತಿಮಾ ಅಲ್-ಫಿಹ್ರಿ ಎಂಬಾಕೆ ತಂದೆಯಿಂದ ಬಂದ ಆಸ್ತಿ ಹಾಕಿ ಆ ಮಸೀದಿ ಕಟ್ಟಿಸಿದಳು, ತಂಗಿ ಮರ್ಯಮ್ ಇನ್ನೊಂದು ಮಸೀದಿ ಕಟ್ಟಿಸಿದಳು ಎಂದು 14ನೇ ಶತಮಾನದ ಚರಿತ್ರೆಕಾರ ಇಬ್ನ್ ಅಬೀ ಜರ್ ಬರೆದಿದ್ದಾನೆ. ಅಂದರೆ ಘಟನೆಗೂ ಬರಹಕ್ಕೂ ನಡುವೆ ಸುಮಾರು ಐದು ನೂರು ವರ್ಷ. ಅದಕ್ಕೇ ಚರಿತ್ರೆಕಾರರಲ್ಲಿ ಇವತ್ತಿಗೂ ಚರ್ಚೆ ಇದೆ. ಇನ್ನು ಅದು ಕಟ್ಟಿದ ದಿನವೇ ವಿಶ್ವವಿದ್ಯಾಲಯ ಆಗಿರಲಿಲ್ಲ. ಮಸೀದಿಯಾಗಿ ಶುರುವಾಗಿ ನಿಧಾನಕ್ಕೆ ಕಲಿಕೆಯ ದೊಡ್ಡ ಕೇಂದ್ರವಾಯಿತು. ಮಕ್ಕಳಿಗೆ ಹೇಳುವಾಗ ಇಷ್ಟನ್ನೂ ಸೇರಿಸಿ ಹೇಳಿದರೆ ಒಳ್ಳೆಯದು.

## ಬೇರಿಗೆ ಇಳಿದರೆ

ವ್ಯಾಕರಣದ ಪ್ರಕಾರ 'ಹಾಲು ಬಿಡಿಸುವವಳು' ಸರಿನಾ, 'ಹಾಲು ಬಿಟ್ಟವಳು' ಸರಿನಾ? ಎರಡೂ ಕೇಳಿದ್ದೇನೆ.

ಇದು ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ. ಉತ್ತರ ನಮ್ಮ ಕನ್ನಡದೊಳಗೇ ಇದೆ.

ಅರಬಿಯಲ್ಲಿ ಮೂರು ವ್ಯಂಜನದ ಬೇರನ್ನು ಬೇರೆ ಬೇರೆ ಅಚ್ಚಿಗೆ ಹಾಕಿ ಪದ ಮಾಡುತ್ತಾರೆ. ಮೊದಲ ಅಕ್ಷರಕ್ಕೆ 'ಆ', ಎರಡನೆಯದಕ್ಕೆ 'ಇ' ಕೊಟ್ಟರೆ ಆ ಕೆಲಸ ಮಾಡುವವನು, ಆ ಸ್ಥಿತಿಯಲ್ಲಿರುವವನು ಎಂದಾಗುತ್ತದೆ. ಹಾಜರು, ಕಾಯಂ, ಜಾಹೀರು, ಸಾಬೀತು, ವಾರಸು... ಕಚೇರಿಯಲ್ಲಿ ದಿನಾ ಆಡುವ ಈ ಪದಗಳೆಲ್ಲ ಮೂಲದಲ್ಲಿ ಆ ಅಚ್ಚಿನವು. ಹಾಜಿರ್ ಎಂದರೆ ಬಂದು ಇರುವವನು, ವಾರಿಸ್ ಎಂದರೆ ಆಸ್ತಿಗೆ ಬರುವವನು. ಅದೇ ಅಚ್ಚಿಗೆ ಫ-ತ-ಮ ಹಾಕಿ: ಫಾತಿಮ್. ಹೆಣ್ಣಾದರೆ ಕೊನೆಗೆ ಒಂದು ಅಕಾರ: ಫಾತಿಮಾ. ಹಾಗಾಗಿ ನೇರ ಅರ್ಥ ಬಿಡಿಸುವವಳು.

ಮಾಡಿಸಿಕೊಂಡದ್ದಕ್ಕೆ ಬೇರೆ ಅಚ್ಚಿದೆ, 'ಮ' ಮುಂದೆ ಬಂದು ನಡುವೆ 'ಊ' ಬರುತ್ತದೆ. ಮಂಜೂರು, ಮಾಮೂಲು, ಮಹಸೂಲು ಆ ಜಾತಿಯವು. ಆ ಲೆಕ್ಕದಲ್ಲಿ ಹಾಲು ಬಿಡಿಸಲಾದವಳು 'ಮಫ್ತೂಮಾ' ಆಗಬೇಕಿತ್ತು. ಹಾಲು ಬಿಟ್ಟ ಮಗುವಿಗೆ 'ಫತೀಮ್' ಎಂಬ ಪದವೂ ಇದೆ. ಆದರೂ ಫಾತಿಮಾ ಎಂದರೆ ಬಿಡಿಸಲಾದವಳು ಎಂದು ಹೇಳುವ ಹಳೆಯ ವ್ಯಾಖ್ಯಾನಕಾರರಿದ್ದಾರೆ. ನರಕದ ಬೆಂಕಿಯಿಂದ ದೂರ ಇಡಲಾದವಳು, ಅದಕ್ಕೇ ಆ ಹೆಸರು ಎಂಬ ವಿವರಣೆ ಭಕ್ತರಲ್ಲಿ ಬಹಳ ಪ್ರಚಲಿತ. ಒಂದು ಪದದ ಅರ್ಥ, ಇನ್ನೊಂದು ಭಕ್ತಿಯ ಅರ್ಥ. ಎರಡನ್ನೂ ಅವುಗಳ ಜಾಗದಲ್ಲಿ ಇಟ್ಟುಕೊಳ್ಳಬಹುದು.

ಈ ಹೆಸರಿಗೆ ಬಹುವಚನ ಇದೆಯಾ? ಒಂದೇ ಮನೆಯಲ್ಲಿ ಮೂವರು ಫಾತಿಮಾ ಇದ್ರೆ?

ಇದೆ, 'ಫವಾತಿಮ್'. ಒಂದು ಹದೀಸಿನಲ್ಲೇ ಬರುತ್ತದೆ. ಪ್ರವಾದಿಯವರಿಗೆ ಯಾರೋ ರೇಷ್ಮೆ ಬಟ್ಟೆ ಕಳಿಸಿದ್ದರು. ಅವರು ಅದನ್ನು ಅಲಿಯವರಿಗೆ ಕೊಟ್ಟು, ಹರಿದು ಫಾತಿಮಾಗಳಿಗೆ ಹಂಚಿಬಿಡು, ಮೇಲುಹೊದಿಕೆ ಮಾಡಿಕೊಳ್ಳಲಿ ಎಂದರು. ಒಬ್ಬ ಫಾತಿಮಾ ಹೆಂಡತಿ, ಒಬ್ಬ ಫಾತಿಮಾ ತಾಯಿ, ಇನ್ನೊಬ್ಬಳು ಪ್ರವಾದಿಯವರ ಚಿಕ್ಕಪ್ಪ ಹಂಜಾರ ಮಗಳು ಎಂದು ವ್ಯಾಖ್ಯಾನಗಳು ಲೆಕ್ಕ ಕೊಡುತ್ತವೆ. ಒಂದೇ ಬಟ್ಟೆಯ ತುಂಡು ಹೊದ್ದ ಫಾತಿಮಾಗಳನ್ನು ನೆನೆಸಿಕೊಂಡರೆ, ಹಬ್ಬಕ್ಕೆ ಒಂದೇ ತಾನಿನಲ್ಲಿ ಬಟ್ಟೆ ಹೊಲಿಸಿಕೊಂಡ ಅಕ್ಕತಂಗಿಯರ ಫೋಟೋ ನೋಡಿದ ಹಾಗಾಗುತ್ತದೆ.

ಅವಳಿ ಹೆಣ್ಣುಮಕ್ಕಳು. ಒಬ್ಬಳು ಫಾತಿಮಾ, ಇನ್ನೊಬ್ಬಳಿಗೆ ಜೋಡಿ ಹೆಸರು ಹೇಳಿ.

ಉಜ್ಬೇಕಿಸ್ತಾನದಲ್ಲಿ ಇದಕ್ಕೆ ಸಿದ್ಧ ಉತ್ತರ ಇದೆ. ಅವಳಿ ಹೆಣ್ಣು ಹುಟ್ಟಿದರೆ ಫೋತಿಮಾ ಮತ್ತು ಜುಹ್ರಾ, ಅವಳಿ ಗಂಡು ಹುಟ್ಟಿದರೆ ಹಸನ್ ಮತ್ತು ಹುಸನ್. ಅಲ್ಲಿ ಫೋತಿಮಾ ಎಂದು ಹೆಸರು ಹೇಳಿದರೆ, ನಿನ್ನ ಜುಹ್ರಾ ಎಲ್ಲಿ ಎಂದು ಕೇಳುವಷ್ಟು ರೂಢಿ. ನಮ್ಮ ಕಡೆ ಫಾತಿಮಾ ಮತ್ತು ಜಹರಾ ಎಂದಿಡಬಹುದು, ಕೂಗಿದರೆ ಕಿವಿಗೂ ಚೆನ್ನಾಗಿರುತ್ತದೆ.

ಮಗಳಿಗೆ ಫಾತಿಮಾ ಅಂತ ಇಡಬೇಕು ಅಂತ ಆಸೆ. ಮನೆಯಲ್ಲಿ 'ಅಜ್ಜಿ ಹೆಸರು, ಹಳೇದಾಯ್ತು' ಅಂತಾರೆ. ಏನು ಮಾಡ್ಲಿ?

ಇಡಿ. ನನಗೂ ಹೀಗೇ ಹೇಳಿದ್ದರು. ಆಯಿರಾ, ಇನಾಯಾ ಥರದ ಹೊಸ ಹೆಸರುಗಳ ಪಟ್ಟಿಯನ್ನೇ ತಂದಿದ್ದರು. ಹದಿನಾಲ್ಕು ನೂರು ವರ್ಷದಲ್ಲಿ ಹಳತಾಗದ ಹೆಸರು ನನ್ನ ಮಗಳ ಆಯುಷ್ಯದಲ್ಲಿ ಹಳತಾಗುತ್ತದಾ ಎಂದು ಕೇಳಿ ಇಟ್ಟೇಬಿಟ್ಟೆ. ಜನನ ಪತ್ರ ಮಾಡಿಸುವಾಗ ಅಕ್ಷರ ಮೂರು ಸಲ ನೋಡಿಕೊಳ್ಳಿ, ಅಷ್ಟೇ.

ಹೆಸರಿಟ್ಟ ದಿನ ನಾನಿ ಬಾಯ್ತುಂಬ ನಕ್ಕರು. ಆದರೆ ಮೊಮ್ಮಗಳ ಮಗಳನ್ನು ಒಂದು ಸಲವೂ ಹೆಸರು ಹಿಡಿದು ಕೂಗಲಿಲ್ಲ. ತನ್ನ ಹೆಸರು ತಾನೇ ಕೂಗುವುದು ಹೇಗೆ ಎಂದು ಅವರಿಗೆ ನಾಚಿಕೆ. ಛೋಟಿ ಎಂದರು, ಕಡೆಯವರೆಗೂ. ಮಗಳಿಗೆ ಎರಡು ವರ್ಷ ತುಂಬಿದಾಗ, ಕೈ ನಡುಗುತ್ತಿದ್ದರೂ, ಬೇವಿನ ಎಲೆ ಅರೆದು ಕೊಟ್ಟದ್ದು ಅವರೇ.